ಮಾದೇವಿಯ ಕಂಟ್ರೋಲರ್

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮ. ದೊಡ್ಡದೇನಲ್ಲ. ಒಂದು ಪ್ರಾರ್ಥನೆಯ ಕೋಣೆ, ಒಂದು ಅಡುಗೆಮನೆ, ಕೈಕಾಲು ಸ್ವಾಧೀನ ಇಲ್ಲದವರಿಗೆ ಎಣ್ಣೆ ನೀವುವ ಉದ್ದನೆಯ ಹಜಾರ, ಅಷ್ಟೇ.

ಅಲ್ಲಿಯ ಗುರುಸಿದ್ಧ ಸ್ವಾಮಿಗಳಿಗೆ ಚನ್ನಂಜ ಅಂತ ಒಬ್ಬ ಶಿಷ್ಯ. ಡಿಪ್ಲೊಮಾ ಓದಿ ಬಂದವನು. ಚುರುಕು ಅಂದರೆ ಚುರುಕು. ಆದರೆ ಚುರುಕಾದವರಿಗೆ ಒಂದು ರೋಗ ಇರುತ್ತದೆ ನೋಡಿ, ಎದುರಿನವರ ಮಾತು ಮುಗಿಯುವ ಮೊದಲೇ ಎದ್ದು ಓಡುವುದು. ಅದು ಇವನಿಗೂ ಇತ್ತು.

ಹಜಾರದಲ್ಲಿ ಮಾದೇವಿ ಇದ್ದಳು. ಹನ್ನೆರಡು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಮೈಯಲ್ಲಿ ಶಕ್ತಿಯಿಲ್ಲ. ಕೈ ಎತ್ತಲಾರಳು, ಬೆರಳು ಬಿಡಿಸಲಾರಳು. ಎರಡು ಹೆಬ್ಬೆರಳು ಮಾತ್ರ ಅವಳು ಹೇಳಿದ ಹಾಗೆ ಕೇಳುತ್ತಿದ್ದವು. ಇನ್ನು ಬಾಯಿ? ಅದು ಇಡೀ ಹಜಾರಕ್ಕೆ ಸಾಕಾಗುವಷ್ಟಿತ್ತು.

ಒಂದು ದಿನ ಚನ್ನಂಜ ಅವಳಿಗೆ ಊಟ ಮಾಡಿಸುತ್ತಿದ್ದ.

"ಅಣ್ಣ, ನನಗೊಂದು ಆಸೆ," ಅಂದಳು.

"ಏನು, ಮೈಸೂರು ಪಾಕಾ?"

"ಥೂ, ಹೋಗಣ್ಣ. ಮನೇಲಿ ತಲೆ ಬಾಚೋದು ಅವ್ವ. ಇಲ್ಲಿ ಊಟ ಮಾಡಿಸೋದು ನೀನು. ಮೂಗಿನ ಮೇಲೆ ನೊಣ ಕೂತರೆ ಓಡಿಸೋಕೂ ಯಾರಾದರೂ ಬೇಕು. ನಾನೇ ಮಾಡಿದ್ದು ಅಂತ ಒಂದಾದರೂ ಇರಬೇಕು ಕಣಣ್ಣ. ಎಂಥದಾದರೂ ಸರಿ."

ಚನ್ನಂಜನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಅವನ ಹತ್ತಿರ ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್ ಇತ್ತು, ಹವ್ಯಾಸಕ್ಕೆ ಕೊಂಡದ್ದು. ಭಕ್ತರೊಬ್ಬರ ಮನೆಯ ಮೂಲೆಯಲ್ಲಿ ಬಿದ್ದಿದ್ದ ಗೇಮ್ ಕಂಟ್ರೋಲರನ್ನು ಕೇಳಿ ತಂದ. ಎರಡು ಹೆಬ್ಬೆರಳಿಗೆ ಎರಡು ಸಣ್ಣ ಕೋಲು, ಪಕ್ಕದಲ್ಲಿ ನಾಲ್ಕಾರು ಗುಂಡಿ. ಹೆಬ್ಬೆರಳು ಆಡಿದರೆ ಸಾಕು, ಟಿವಿಯ ಪರದೆಯ ಮೇಲೆ ಕಾರು ಓಡುತ್ತದೆ.

ಅಂದರೆ, ಓಡಬೇಕಾಗಿತ್ತು.

ಅಮಾವಾಸ್ಯೆ ಕಳೆದ ಮೇಲೆ ಮಾದೇವಿಯ ಅಪ್ಪ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋಗುವವನಿದ್ದ. ಬೆಟ್ಟದ ಮೇಲಿನ ಊರು. ಮನೆಯಲ್ಲಿ ಟಿವಿ ಇತ್ತು, ಕರೆಂಟೂ ಇತ್ತು. ಫೋನಿಗೆ ಸಿಗ್ನಲ್ ಬೇಕಾದರೆ ಬೆಟ್ಟ ಇಳಿದು ಬರಬೇಕಿತ್ತು.

"ಅಷ್ಟರಲ್ಲಿ ಇದನ್ನ ಓಡಿಸಿ ಅವಳ ಜೊತೆ ಊರಿಗೆ ಕಳಿಸ್ತೀನಿ. ಓಡಿಸೇ ಓಡಿಸ್ತೀನಿ," ಅಂದುಕೊಂಡ ಚನ್ನಂಜ.

ಕಂಟ್ರೋಲರಿನ ದೀಪ ಮಿಟುಕಿತು. ಕಾರು ಅಲ್ಲಾಡಲಿಲ್ಲ.

ಸ್ವಾಮಿಗಳು ಆ ಕಡೆ ಬಂದರು.

"ಏನಪ್ಪ, ಮುಖ ಊದಿಸಿಕೊಂಡಿದ್ದೀಯ?"

"ಡ್ರೈವರ್ ಕೂರ್ತಿಲ್ಲ ಬುದ್ಧಿ."

"ಹಾಗಂದರೆ?"

"ಕಂಟ್ರೋಲರ್ ಹೇಳಿದ್ದನ್ನ ಕಂಪ್ಯೂಟರಿಗೆ ತಿಳಿಸೋ ಒಂದು ಪ್ರೋಗ್ರಾಮು. ಅದು ಒಳಗೆ ಸರಿಯಾಗಿ ಕೂತರೆ ಇದು ಒತ್ತಿದ್ದು ಅದಕ್ಕೆ ಗೊತ್ತಾಗುತ್ತೆ. ಇಲ್ಲದಿದ್ದರೆ ಇಲ್ಲ."

"ಕೂರಿಸೋಕೆ ಹೋದರೆ ಕಂಪ್ಯೂಟರ್ ಏನನ್ನುತ್ತೆ?"

"ಆಗಲ್ಲ ಅನ್ನುತ್ತೆ."

"ಯಾಕೆ ಆಗಲ್ಲವಂತೆ?"

"ಉದ್ದಕ್ಕೆ ಏನೇನೋ ಬರುತ್ತೆ ಬುದ್ಧಿ. ಅದನ್ನೆಲ್ಲ ಓದ್ತಾ ಕೂತರೆ ಅಮಾವಾಸ್ಯೆ ಬಂದುಬಿಡುತ್ತೆ. ಇಂಟರ್ನೆಟ್‌ನಲ್ಲಿ ಬೇರೆ ಡ್ರೈವರ್ ಇದಾವೆ, ಹಾಕಿ ನೋಡ್ತೀನಿ."

ಸ್ವಾಮಿಗಳು ಹಜಾರದ ಕಡೆ ಹೋದರು.

ಚನ್ನಂಜ ಹಾಕಿ ನೋಡಿದ. ಅದಾಗದಿದ್ದರೆ ಅದರ ಮೇಲೆ ಇನ್ನೊಂದು. ಯಾರೋ ಎಲ್ಲೋ ಬರೆದ ಕಮಾಂಡುಗಳನ್ನು ಎತ್ತಿ ಎತ್ತಿ ಸುರಿದ. ನಡುವೆ ಕರೆಂಟ್ ಬೇರೆ ಹೋಯಿತು. ಅದಕ್ಕೂ ನಾಲ್ಕು ಬೈದು, ಬಂದ ಮೇಲೆ ಮತ್ತೆ ಕೂತ. ಊಟಕ್ಕೆ ಕರೆದರೆ "ಬಂದೆ ಬಂದೆ" ಅನ್ನುವುದು, ಅಲ್ಲಾಡದೆ ಇರುವುದು. ಹಟವನ್ನು ಮೆಚ್ಚಬೇಕಾದದ್ದೇ.

ಕೊನೆಗೊಮ್ಮೆ ಕಂಟ್ರೋಲರಿನ ದೀಪ ಮಿಟುಕುವುದನ್ನು ಬಿಟ್ಟು ಸ್ಥಿರವಾಗಿ ನಿಂತಿತು. ಕೋಲು ತಿರುಗಿಸಿದ. ಕಾರು ತಿರುಗಿತು.

"ಬುದ್ಧೀ!" ಅಂತ ಕೂಗಿಕೊಂಡ. "ಓಡ್ತು ಬುದ್ಧಿ! ಮಾದೇವಿನ ಕರೀತೀನಿ."

"ಇರು," ಅಂದರು ಸ್ವಾಮಿಗಳು. "ಯಾವುದರಿಂದ ಓಡಿತು?"

"ಅಂದರೆ?"

"ಅಷ್ಟೊಂದು ಹಾಕಿದೆಯಲ್ಲ. ಅದರಲ್ಲಿ ಯಾವುದರಿಂದ?"

"ಗೊತ್ತಿಲ್ಲ ಬುದ್ಧಿ. ಏನೋ ಒಂದರಿಂದ. ಓಡ್ತಲ್ಲ, ಸಾಕು ಬಿಡಿ."

"ಮುಂದೆ ಕೆಡಬಹುದಾ?"

"ದಿಢೀರ್ ಅಂತ ಕರೆಂಟ್ ಹೋದರೆ ಒಳಗಿನ ಮೆಮೊರಿ ಕಾರ್ಡು ಕೆಡೋದುಂಟು."

"ಅವರ ಊರಲ್ಲಿ ಕರೆಂಟ್ ಹೋಗುತ್ತಾ?"

ಚನ್ನಂಜನಿಗೆ ನಗು ಬಂತು. "ಬರುತ್ತಾ ಅಂತ ಕೇಳಿ ಬುದ್ಧಿ."

"ಹಾಗಾದರೆ ಅಳಿಸು."

"ಏನನ್ನ?"

"ನೀನು ಹಾಕಿದ್ದನ್ನೆಲ್ಲ. ಮೊದಲು ಹೇಗಿತ್ತೋ ಹಾಗೆ ಮಾಡು."

ಚನ್ನಂಜನ ನಗು ಹಾರಿಹೋಯಿತು. ಮೈಯೆಲ್ಲ ಉರಿದುಹೋಯಿತು.

"ತಪ್ಪು ತಿಳೀಬೇಡಿ ಬುದ್ಧಿ. ನಿಮಗೆ ಇದರ ಕಷ್ಟ ಗೊತ್ತಿಲ್ಲ."

"ಹೌದಪ್ಪ, ಗೊತ್ತಿಲ್ಲ. ಆ ಮಗುವಿಗೂ ಗೊತ್ತಿಲ್ಲ. ಅವರಪ್ಪನಿಗೂ ಗೊತ್ತಿಲ್ಲ. ಬೆಟ್ಟದ ಮೇಲೆ ಅದು ಕೆಟ್ಟು ನಿಂತಾಗ ಅದರ ಮುಂದೆ ಕೂರೋರು ಅವರಿಬ್ಬರೇ. ನೀನಲ್ಲ."

ನಾನಾಗಿದ್ದರೆ ಆ ಕಂಪ್ಯೂಟರನ್ನು ಚೀಲಕ್ಕೆ ಹಾಕಿಕೊಂಡು ನಂಜನಗೂಡಿನ ಬಸ್ಸು ಹತ್ತುತ್ತಿದ್ದೆ. ಚನ್ನಂಜ ಹತ್ತಲಿಲ್ಲ. ಹಲ್ಲು ಕಚ್ಚಿಕೊಂಡು ಅಳಿಸಿದ. ಆಮೇಲೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತ. ಯಾರು ಕರೆದರೂ ಏಳಲಿಲ್ಲ.

ಬೆಳಿಗ್ಗೆ ಅವನು ಮತ್ತೆ ಕಂಪ್ಯೂಟರಿನ ಮುಂದೆ ಕೂತಾಗ, ಸ್ವಾಮಿಗಳು ಮಾದೇವಿಯ ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದು ಅವನ ಪಕ್ಕಕ್ಕೆ ನಿಲ್ಲಿಸಿ ಹೋದರು.

"ನಿನ್ನೆ ಓಡ್ತಂತಲ್ಲಣ್ಣ. ಯಾಕೆ ಅಳಿಸಿದೆ?"

"ಬುದ್ಧಿಯವರನ್ನೇ ಕೇಳು."

"ಕೇಳಿದೆ. ಚನ್ನಂಜನ್ನ ಕೇಳು ಅಂದರು."

ಅವನು ಒಂದು ಕಮಾಂಡ್ ಹಾಕಿದ. ಪರದೆಯ ತುಂಬ ಇಂಗ್ಲಿಷ್ ಸಾಲುಗಳು ಉರುಳಿ ನಿಂತವು. ಅಭ್ಯಾಸಬಲ, ಥಟ್ಟನೆ ಅಳಿಸಲು ಹೋದ.

"ಏಯ್ ಏಯ್, ನಿಲ್ಲಣ್ಣ! ಅದೇನೋ ಹೇಳ್ತಿತ್ತು."

"ಬೈತಿತ್ತು."

"ಬೈದರೆ ಏನಂತ ಬೈದರು ಅಂತ ಕೇಳಬೇಡವಾ? ನಮ್ಮವ್ವ ಅಪ್ಪನ್ನ ಬೈತಾ ಬೈತಾನೇ ಉಪ್ಪಿನ ಡಬ್ಬ ಎಲ್ಲಿದೆ ಅಂತಲೂ ಹೇಳಿರ್ತಾಳೆ. ಅಪ್ಪ ಕೇಳಿಸಿಕೊಳ್ಳಲ್ಲ, ಮನೆಯೆಲ್ಲ ಹುಡುಕ್ತಾನೆ."

ಚನ್ನಂಜ ಕೈ ತೆಗೆದ. ಮಾದೇವಿ ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದಳು. ತಡವರಿಸಿದಲ್ಲಿ ಅವನು ಅರ್ಥ ಹೇಳಿದ. ಡ್ರೈವರನ್ನು ಕಟ್ಟಿ ನಿಲ್ಲಿಸಲು ಕಂಪ್ಯೂಟರಿನದೇ ಕೆಲವು ಕಡತಗಳು ಬೇಕು, ಅವು ಇಲ್ಲಿಲ್ಲ. ಅದು ಇಷ್ಟು ದಿನ ಹೇಳುತ್ತಿದ್ದದ್ದು ಇಷ್ಟೇ.

ಅವನು ಆ ಕಡತಗಳನ್ನು ತಂದು ಹಾಕಿದ. ಬೇರೇನನ್ನೂ ಮುಟ್ಟಲಿಲ್ಲ. ಮತ್ತೆ ಸಾಲುಗಳು ಉರುಳಿದವು.

"ಇಲ್ಲೊಂದು ನಂಬರಿದೆ, ಅಲ್ಲೊಂದು ನಂಬರಿದೆ," ಅಂದಳು ಮಾದೇವಿ. "ಎರಡೂ ಒಂದೇ ಇರಬೇಕಲ್ವಾ?"

ಚನ್ನಂಜ ನೋಡಿದ. ಹಣೆ ಚಚ್ಚಿಕೊಂಡ. ಮೊದಲ ಸಲದ ಹಾಗೆಯೇ ಅಳಿಸಿದ ಮೇಲೂ ಶುರುವಿನಲ್ಲೇ ಅವನು ಕಂಪ್ಯೂಟರಿಗೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ್ದ. ಹಾಕಿದ ಮೇಲೆ ಒಮ್ಮೆ ಆರಿಸಿ ಹೊತ್ತಿಸಬೇಕು. ಅವಸರದಲ್ಲಿ ಅದನ್ನು ಬಿಟ್ಟಿದ್ದ. ಕಡತಗಳು ಹೊಸದರವು, ಓಡುತ್ತಿದ್ದದ್ದು ಹಳೆಯದು.

ಆರಿಸಿದ. ಹೊತ್ತಿಸಿದ. ಒಂದೇ ಒಂದು ಡ್ರೈವರ್ ಹಾಕಿದ. ದೀಪ ಸ್ಥಿರವಾಗಿ ನಿಂತಿತು.

ಅವನು ಅಡುಗೆಮನೆಗೆ ಓಡಿದ. ಸ್ವಾಮಿಗಳು ಸೊಪ್ಪು ಬಿಡಿಸುತ್ತಿದ್ದರು.

"ಗೊತ್ತಾಯ್ತು ಬುದ್ಧಿ! ಹೋದ ಸಲ ಓಡಿದ್ದು ನನ್ನಿಂದಲ್ಲ. ನಡುವೆ ಕರೆಂಟ್ ಹೋಗಿ ಬಂತಲ್ಲ, ಅದರಿಂದ! ಕಂಪ್ಯೂಟರ್ ತಾನಾಗಿ ಆರಿ ಹೊತ್ತಿಕೊಳ್ತು. ನಾನು ಸುರಿದದ್ದರಲ್ಲಿ ಮುಕ್ಕಾಲು ಪಾಲು ಕಸ."

ಸ್ವಾಮಿಗಳು ಪೂರ್ತಿ ಕೇಳಿದರು.

"ಬೇಕಾದ್ದನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ತುಂಬಿಕೊಡ್ತೀನಿ," ಅಂದ ಚನ್ನಂಜ. "ಇಂಟರ್ನೆಟ್ ಬೇಕಾಗಲ್ಲ. ಜೊತೆಗೆ ಒಂದು ಹೊಸ ಕಾರ್ಡು. ಕೆಟ್ಟರೆ ಕಾರ್ಡು ಬದಲಾಯಿಸೋದು, ಕಡತ ಹಾಕೋದು, ಆರಿಸಿ ಹೊತ್ತಿಸೋದು, ಡ್ರೈವರ್ ಹಾಕೋದು. ಈಗ ನನಗೆ ಎಲ್ಲ ಗೊತ್ತು ಬುದ್ಧಿ."

"ಬಹಳ ಸಂತೋಷ. ಅಳಿಸು."

"ಅಯ್ಯೋ! ಮತ್ತೆ ಯಾಕೆ ಬುದ್ಧಿ?"

"ನಿನಗೆ ಗೊತ್ತಾಯ್ತಲ್ಲ."

ಈ ಸಲ ಚನ್ನಂಜನಿಗೆ ಸಿಟ್ಟು ಬರಲಿಲ್ಲ. ಗೊತ್ತಾಗಬೇಕಾದದ್ದು ತನಗಲ್ಲ, ಮಾದೇವಿಗೆ ಅಂತ ಹೊಳೆಯಿತು. ಆಮೇಲೆ ಹೋಗಿ ಅಳಿಸಿದ. ಉಳಿದ ದಿನಗಳೆಲ್ಲ ಮಾದೇವಿಯ ಪಕ್ಕ ಕೂತು, ಯಾವುದು ಯಾಕೆ ಅಂತ ಹೇಳಿಕೊಟ್ಟ. ಅವಳು ಬಿಡದೆ ಕೇಳಿ ಕೇಳಿ ಅವನ ತಲೆ ತಿಂದಳು.

ಅಮಾವಾಸ್ಯೆ ಕಳೆಯಿತು. ಅಪ್ಪ ಪುಟ್ಟಮಾದಪ್ಪ ಬಂದ. ಟವೆಲ್ ಸೊಂಟಕ್ಕೆ ಸುತ್ತಿಕೊಂಡು ಸ್ವಾಮಿಗಳಿಗೆ ಅಡ್ಡಬಿದ್ದ.

"ಸಾಯಂಕಾಲದ ಬಸ್ಸಿಗೆ ಹೊಂಟೋಯ್ತೀವಿ ಬುದ್ಧಿ. ಅದು ಬುಟ್ರೆ ಇವತ್ತು ಬ್ಯಾರೆ ಬಸ್ಸಿಲ್ಲ."

"ಹೋಗುವಿಯಂತೆ. ಮೊದಲು ಮಗಳ ಹತ್ತಿರ ಕೂತುಕೋ. ಅವಳು ಹೇಳಿದ ಹಾಗೆ ಮಾಡು."

ಚನ್ನಂಜನೂ ಕುರ್ಚಿ ಎಳೆದುಕೊಂಡ. ಸ್ವಾಮಿಗಳು ನೀರಲ್ಲಿ ನೆನೆದ ಅವರೆಕಾಳಿನ ಪಾತ್ರೆ ತಂದು ಅವನ ಮುಂದೆ ಇಟ್ಟರು.

"ನೀನು ಇದನ್ನ ಹಿಸುಕು. ಸಾರಿಗೆ ಬೇಕು."

ಒದ್ದೆ ಕೈಯಲ್ಲಿ ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ಚನ್ನಂಜನಿಗೆ ಅರ್ಥವಾಯಿತು. ಹಿಸುಕತೊಡಗಿದ.

"ನಂಗೆ ಇಂಗ್ಲೀಸು ಬರಾಕಿಲ್ವಲ್ಲವ್ವ," ಅಂದ ಪುಟ್ಟಮಾದಪ್ಪ.

"ನಿನಗೆ ಬೇಡ, ನನಗೆ ಬರುತ್ತೆ. ಆ ಪೆನ್‌ಡ್ರೈವ್ ಚುಚ್ಚು. ಹೂಂ. ಈಗ ಕೀಬೋರ್ಡಿನ ಎರಡನೇ ಸಾಲು, ಎಡಗಡೆಯಿಂದ ಮೂರನೇದು, ಒತ್ತು. ಮೆಲ್ಲಗೆ ಅಪ್ಪ, ಅದೇನು ಗುದ್ದಲಿನಾ?"

ಅಷ್ಟು ವರ್ಷ ಮಗಳನ್ನು ಎತ್ತಿ ಇಳಿಸಿ ಮಾಡಿದ ಕೈಗಳು ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿದವು. ಬೇಕಾದ ಕಡತಗಳು ಕೂತವು. ಆರಿಸಿ ಹೊತ್ತಿಸಿದರು. ಮಾದೇವಿ ಮುಂದಿನ ಕಮಾಂಡ್ ಹೇಳಿದಳು. ಅವನು ಒತ್ತಿದ.

ಪರದೆಯ ಮೇಲೆ ಇಂಗ್ಲಿಷ್ ಸಾಲು ಬಂದು ನಿಂತಿತು. ಆಗಲ್ಲವಂತೆ.

ಇನ್ನೊಮ್ಮೆ ಒತ್ತಿಸಿದಳು. ಆಗಲ್ಲ.

ಮಾದೇವಿಯ ಮುಖ ಕೆಂಪಾಯಿತು. "ಅಣ್ಣ, ಯಾಕಣ್ಣ ಹೀಗೆ? ಹೇಳಣ್ಣ!"

ಚನ್ನಂಜನಿಗೆ ಕೂತಲ್ಲೇ ಗೊತ್ತಾಗಿತ್ತು. ಅರ್ಧ ಎದ್ದೇಬಿಟ್ಟ. ಸ್ವಾಮಿಗಳು ಪಾತ್ರೆಯ ಕಡೆ ಕೈ ತೋರಿಸಿದರು. ಅವನು ಕೂತ. ಕಾಳು ಅವನ ಬೆರಳ ನಡುವೆ ನುಚ್ಚುನೂರಾಯಿತು.

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಬುಡು ಕಣವ್ವ," ಅಂದ ಪುಟ್ಟಮಾದಪ್ಪ. "ಇನ್ನೊಂದ್ ದಪ ಬಂದಾಗ ನೋಡ್ಕೊಂಡ್ರಾಯ್ತದೆ. ಬಾ, ಎತ್ಕೊತೀನಿ."

"ಬಿಡಲ್ಲ."

"ಬಸ್ಸು ಹೊಂಟೋಯ್ತದೆ ಕಣವ್ವ!"

"ಹೋದರೆ ಹೋಗಲಿ. ನನ್ನ ಎತ್ತಬೇಡ, ಅಪ್ಪ. ಅದೇನಂತ ಹೇಳ್ತಿದೆ ಅಂತ ಓದ್ತೀನಿ, ಇರು."

ಅವಳ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲು ಅವಳಿಗೆ ಕೈ ಬರುವುದಿಲ್ಲ. ನೀರು ತುಂಬಿದ ಕಣ್ಣಲ್ಲೇ ಒಂದೊಂದೇ ಪದ ಓದಿದಳು.

"ಆ ಹೆಸರಿನ ಕಡತ... ಇಲ್ಲವಂತೆ. ಈಗ ತಾನೇ ಇತ್ತಲ್ಲ? ಪೆನ್‌ಡ್ರೈವ್ ಒಳಗಿತ್ತಲ್ಲ?" ಕಂಪ್ಯೂಟರಿನ ಕಡೆ ನೋಡಿದಳು. "ಅಪ್ಪ! ಪೆನ್‌ಡ್ರೈವ್ ಎಲ್ಲಿ?"

ಪುಟ್ಟಮಾದಪ್ಪ ಮೆಲ್ಲಗೆ ಅಂಗಿಯ ಜೇಬಿಗೆ ಕೈ ಹಾಕಿದ.

"ಕಳ್ದೋದಾತು ಅಂತ ಜ್ವಾಪಾನವಾಗಿ ಎತ್ತಿಟ್ಕಂಡೆ ಕಣವ್ವ."

"ನಿನ್ನ ಜೋಪಾನಕ್ಕಿಷ್ಟು! ಚುಚ್ಚು ಅದನ್ನ!"

ಚುಚ್ಚಿದ. ಡ್ರೈವರ್ ಕೂತಿತು. ಬಸ್ಸು ಹೋಯಿತು, ಹೋಗಲಿ. ಕಂಟ್ರೋಲರಿನ ದೀಪ ಎರಡು ಸಲ ಮಿಟುಕಿ ಸ್ಥಿರವಾಗಿ ನಿಂತಿತು. ಅಪ್ಪ ಅದನ್ನು ಮಗಳ ಕೈಗಳ ನಡುವೆ ಇಟ್ಟ.

ಮಾದೇವಿ ಹೆಬ್ಬೆರಳಿಂದ ಕೋಲನ್ನು ಮುಂದಕ್ಕೆ ತಳ್ಳಿದಳು.

ಕಾರು ಹೊರಟಿತು. ರಸ್ತೆ ಬಿಟ್ಟಿತು. ಬೇಲಿ ಮುರಿಯಿತು. ನೆಟ್ಟಗೆ ಹೋಗಿ ಕೆರೆಗೆ ಬಿತ್ತು.

"ನಾನೇ!" ಅಂತ ಕಿರುಚಿದಳು ಮಾದೇವಿ. "ಅಪ್ಪ, ನೋಡ್ದಾ? ನಾನೇ ಬೀಳಿಸಿದ್ದು!"

ಪುಟ್ಟಮಾದಪ್ಪ ಸೊಂಟದ ಟವೆಲ್ ಬಿಚ್ಚಿ ಮುಖಕ್ಕೆ ಒತ್ತಿಕೊಂಡ.

ಕಾರು ಮತ್ತೆ ರಸ್ತೆಗೆ ಬಂತು. ಮತ್ತೆ ಕೆರೆಯ ಕಡೆಗೇ ಹೊರಟಿತು. ಚನ್ನಂಜನಿಗೆ ತಡೆಯಲಾಗಲಿಲ್ಲ. ಒದ್ದೆ ಕೈಯಲ್ಲೇ ಎದ್ದು ನಿಂತ.

"ಎಡಕ್ಕೆ, ಮಾದೇವಿ! ಎಡಗಡೆ ಕೋಲು! ತಡಿ, ನಾನು ತೋರಿಸ್ತೀನಿ..."

ಸ್ವಾಮಿಗಳು ಅವನ ಭುಜ ಹಿಡಿದು ಕೂರಿಸಿದರು.

"ಸುಮ್ಮನಿರಪ್ಪ. ಇಷ್ಟು ವರ್ಷ ಒಬ್ಬರೂ ಅವಳನ್ನ ಬೀಳೋಕೆ ಬಿಟ್ಟಿರಲಿಲ್ಲ."