ಹುರಿದ ಮಣ್ಣು

ಡಂಗುರದವನು ಕೋಟೆ ಬಾಗಿಲಲ್ಲಿ ನಿಂತು ಸಾರಿದ: "ಕೇಳ್ರಪ್ಪೋ ಕೇಳಿ! ರಾಜಕುಮಾರಿ ಮುದ್ದಾಜಮ್ಮನವರ ಮೂರು ಒಗಟು ಒಡೆದವನಿಗೆ ಬೇಡಿದ್ದು ಸಿಗುತ್ತೆ. ಬಯಸಿದರೆ ಅವರನ್ನೇ ಕೊಟ್ಟು ಮದುವೆ! ತಪ್ಪಿದವನ ತಲೆ ಇದೇ ಬಾಗಿಲಿಗೆ!"

ಗೊಬ್ಬರದ ಮಂಕರಿ ಇಳಿಸಿ ಕೇಳಿಸಿಕೊಂಡ ತಿಪ್ಪನಿಗೆ ಮದುವೆ ಬೇಕಿರಲಿಲ್ಲ, ಅವ್ವ ಬೇಕಿತ್ತು. ಸತ್ತ ರಾಣಿಯ ಬಿಳಿ ದಾಸವಾಳದಿಂದ ರಾಜಕುಮಾರಿ ನಾಲ್ಕು ಕಡ್ಡಿ ಮುರಿದು, ನೀರಲ್ಲಿಟ್ಟು ಬೇರು ಬರಿಸಿದ್ದಳು. ಕುಂಡಕ್ಕೆ ನೆಟ್ಟ ಮೂರೂ ಸತ್ತವು. ಗೊಬ್ಬರದವಳ ದೃಷ್ಟಿ ತಾಗಿತೆಂದು ತಿಪ್ಪನ ಅವ್ವ ಸಿದ್ದವ್ವನನ್ನು ಸೆರೆಗೆ ತಳ್ಳಿದ್ದರು. ಅಮಾವಾಸ್ಯೆಗೆ ಅವಳ ತಲೆ ಹೋಗುವುದಿತ್ತು. ಅವಳು ಏಳು ಮಕ್ಕಳನ್ನು ಕಳೆದುಕೊಂಡು, ಎಂಟನೆಯದಾದರೂ ಉಳಿಯಲೆಂದು ಹುಟ್ಟಿದೊಡನೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡ ಮಗ ಈ ತಿಪ್ಪ.

ಆಸ್ಥಾನದಲ್ಲಿ ಬೆಳ್ಳಿಗಟ್ಟದ ರಾಜಕುಮಾರ ಮೀಸೆ ತಿರುವುತ್ತ ನಿಂತಿದ್ದ.

"ತಾಯಿಯಿಂದ ಕಡಿದ ಮೇಲಷ್ಟೇ ಹುಟ್ಟುವ ಮಗು ಯಾವುದು?" ಎಂದಳು ಮುದ್ದಾಜಮ್ಮ.

"ಹೊಕ್ಕುಳಬಳ್ಳಿ ಕಡಿದ ಕೂಸು."

"ಅದು ಕಡಿಯುವ ಮೊದಲೇ ಹುಟ್ಟಿರುತ್ತೆ. ಎಳೆದೊಯ್ಯಿರಿ."

ಮುಂದೆ ಬಂದ ಪಂಡಿತನೊಬ್ಬ, ಬೇರು ಬಿಟ್ಟ ಕಡ್ಡಿ ಎಂದು ಸರಿಯಾಗಿಯೇ ಹೇಳಿದ. ಎರಡನೆಯದನ್ನು ಕೇಳಿದಳು: "ಸತ್ತದ್ದನ್ನೆಲ್ಲ ತಿಂದು ಬದುಕಿದ್ದಕ್ಕೆಲ್ಲ ಉಣಿಸೋದು ಯಾವುದು?"

"ಬೆಂಕಿ, ಅಮ್ಮಣ್ಣಿ."

"ಬೆಂಕಿ ಬದುಕಿದ್ದನ್ನೂ ತಿನ್ನುತ್ತೆ." ಪಂಡಿತನೂ ಹೋದ.

ತಿಪ್ಪ ಮುಂದೆ ಬಂದಾಗ ಸಭೆ ಮೂಗು ಮುಚ್ಚಿಕೊಂಡಿತು. "ತಿಪ್ಪೆಗೂ ತಲೆ ಭಾರವಾಯಿತೇನು?" ಎಂದು ಯಾರೋ ನಕ್ಕರು.

"ಮೊದಲನೇದು ಕಡ್ಡಿ. ಎರಡನೇದು ಮಣ್ಣು" ಎಂದ ತಿಪ್ಪ.

ಮುದ್ದಾಜಮ್ಮನ ಹುಬ್ಬು ಗಂಟಾಯಿತು. "ಸರಿ. ಮೂರನೇದು ಕೇಳು. ನನ್ನ ಕಡ್ಡಿಗಳಿಗೆ ಬೆಳ್ಳಿ ಕುಂಡ ಕೊಟ್ಟೆ, ಹಾಲೆರೆದೆ. ಹುಳು ಸೋಕಬಾರದೆಂದು ಮಣ್ಣನ್ನು ಬಾಣಲೆಯಲ್ಲಿ ಹುರಿಸಿ ಜರಡಿ ಹಿಡಿಸಿದೆ. ಆದರೂ ಸತ್ತವು. ಕೊಂದವರು ಯಾರು?"

ತಿಪ್ಪ ಕೊರಳು ಸವರಿಕೊಂಡ. "ನೀವೇ, ತಾಯಿ."

ಕತ್ತಿಗಳು ಒರೆಯಿಂದ ಹೊರಬಂದವು.

"ಮಣ್ಣು ಸತ್ತದ್ದನ್ನು ತಿಂದು ಅರಗಿಸೋದು ಅದರೊಳಗಿನ ಹುಳುಹುಪ್ಪಟೆಯಿಂದ. ನೀವು ಅದನ್ನ ಹುರಿದು ಹೆಣ ಮಾಡಿದಿರಿ. ಹೆಣದ ಎದೇಲಿ ಹಾಲಿರುತ್ತಾ? ಉಳಿದ ಕಡ್ಡಿ ಕೊಡಿ. ಚಿಗುರದಿದ್ದರೆ ನನ್ನ ತಲೆ ಎಲ್ಲಿ ಹೋಗುತ್ತೆ!"

ಅವ್ವನ ತಿಪ್ಪೆಯಿಂದ ಕಳಿತ ಗೊಬ್ಬರ ತಂದು ಹಿತ್ತಲ ಮಣ್ಣಿಗೆ ಬೆರೆಸಿದ. ಎರೆಹುಳು ಕಂಡು ದಾಸಿಯರು ಚೀರಿದರು. ಎಳೆಬೇರು ಮುರಿಯದಂತೆ ಕಡ್ಡಿ ಇಳಿಸಿ, ನೀರು ಹನಿಸಿ, ಮುತ್ತುಗದ ಎಲೆಯ ನೆರಳು ಮಾಡಿದ. ಮರುದಿನವೇ ಕಡ್ಡಿಯ ಎಲೆಗಳು ಜೋತುಬಿದ್ದವು. ತಲೆ ಕಡಿಯುವ ತಳಾರ ಅವನ ಎದುರಿಗೇ ಕೂತು ಕತ್ತಿ ಮಸೆದ.

"ನೀರಲ್ಲಿ ಬೆಳೆದ ಬೇರು, ಮಣ್ಣಿನ ರುಚಿ ಹತ್ತಬೇಕು" ಎಂದ ತಿಪ್ಪ.

ಒಂಬತ್ತನೆಯ ಬೆಳಗ್ಗೆ ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೂಡಿತ್ತು. ಮುದ್ದಾಜಮ್ಮ ಅದನ್ನು ಬೆರಳ ತುದಿಯಿಂದ ಮುಟ್ಟಿ ಅತ್ತಳು. ಆಮೇಲೆ ಎಂದಿನ ಗತ್ತಿನಲ್ಲೇ ಹೇಳಿದಳು: "ಗೆದ್ದೆ. ಅರಮನೆಗೆ ಬಂದಿರು. ಮದುವೆಯಾಗುತ್ತೇನೆ."

ಅಂದೇ ಅಮಾವಾಸ್ಯೆ; ಅಷ್ಟರಲ್ಲಿ ತಲೆ ತೆಗೆಯಲೆಂದು ಸಿದ್ದವ್ವನನ್ನು ಸೆರೆಯಿಂದ ಕರೆತಂದರು. ತಿಪ್ಪ ಬಾಗಿ ಅವಳ ಕಾಲಿನ ಬೇಡಿ ಬಿಚ್ಚಿದ.

"ನಾನು ಬೇಡೋದು ಇವಳನ್ನೊಬ್ಬಳನ್ನೇ. ಈ ಅರಮನೇಲಿ ಮಣ್ಣಷ್ಟೇ ಅಲ್ಲ, ಎಲ್ಲಾನೂ ಹುರಿದಿದ್ದೀರಿ ತಾಯಿ. ಇಲ್ಲಿ ನಾನು ಬೇರು ಬಿಡೋದಿಲ್ಲ."

ಅವ್ವನ ಕೈ ಹಿಡಿದು ಕೋಟೆ ಬಾಗಿಲು ದಾಟಿದ. ಅವನ ತಲೆಗೆಂದು ಹೊಡೆದಿದ್ದ ಮೊಳೆ ಅಲ್ಲಿ ಖಾಲಿಯಾಗಿಯೇ ಇತ್ತು.