ಒಣ ಪೊರಕೆ

“ಗುರುಗಳೇ, ಸಿಟ್ಟು ಸತ್ತ ಮೇಲೆ ಹಳೆಯದನ್ನೆಲ್ಲ ಕೆದಕಿ ಹೊರಗೆ ಹಾಕಿ ಮನಸ್ಸು ಗುಡಿಸಿಕೊಳ್ಳುವುದು ಒಳ್ಳೆಯದಲ್ಲವೇ?” ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದಲ್ಲಿದ್ದು ಓದುತ್ತಿದ್ದ ಶಿಷ್ಯ. ತಂದೆ ತೀರಿಕೊಂಡ ದಿನವೇ ಅಣ್ಣನೊಡನೆ ಜಗಳವಾಡಿ ಮನೆ ಬಿಟ್ಟು ಬಂದವನು. ಈಗ ಅಣ್ಣನೇ ‘ಆದದ್ದು ಆಯಿತು, ಒಂದು ಸಲ ಬಂದು ಹೋಗು’ ಎಂದು ಹೇಳಿಕಳಿಸಿದ್ದ. ಬೆಳಗಾದರೆ ಹೊರಡಬೇಕು.

ಗುರುಗಳು ನಕ್ಕರು. “ಅದಕ್ಕೇನಪ್ಪ ಬೆಳಗಿನಿಂದ ಬಾವಿಕಟ್ಟೆಯ ಹತ್ತಿರ ಒಬ್ಬನೇ ಮಾತಾಡಿಕೊಳ್ಳುತ್ತಿದ್ದದ್ದು? ಅಂದು ಅಣ್ಣ ಏನಂದ, ಅತ್ತಿಗೆ ಏನಂದಳು, ಎಲ್ಲ ಬಾಯಿಪಾಠವಾಗಿದೆ. ನಾನು ಹೇಳಿಕೊಟ್ಟದ್ದು ಮಾತ್ರ ಒಂದು ಸಾಲೂ ನಿಲ್ಲುವುದಿಲ್ಲ ನಿನ್ನ ತಲೆಯಲ್ಲಿ. ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ಜೋಳದ ವರ್ತಕನಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಚೀಲ ಇಡುವ ಕೋಣೆ. ಆ ಕೋಣೆಯ ಗೋಡೆಯ ಬುಡದಲ್ಲಿ ಇಲಿಯೊಂದು ಹೆಬ್ಬೆರಳು ತೂರುವಷ್ಟು ಕಿಂಡಿ ಕೊರೆಯಿತು. ಅದನ್ನು ಮೊದಲು ಕಂಡವಳು ಅವನ ಹೆಂಡತಿ.

“ಗಾಜಿನ ಚೂರು ಸೇರಿಸಿ ಗಾರೆ ಮೆತ್ತಿಸಿಬಿಡಿ. ಚೀಲಗಳನ್ನು ಗೋಡೆಯಿಂದ ಈಚೆ ಎಳೆಸಿ ಹಲಗೆಯ ಮೇಲೆ ಇಡಿಸಿ. ಚೆಲ್ಲಿದ ಕಾಳು ದಿನಾ ಬಳಿದು ತೆಗೆಯೋಣ. ಉಗುರಿನಲ್ಲಿ ಹೋಗುವುದಕ್ಕೆ ಆಮೇಲೆ ಕೊಡಲಿ ಬೇಕಾದೀತು” ಎಂದಳು.

ವರ್ತಕ ಕಿಂಡಿಗೆ ಒಂದು ಹರಕು ಬಟ್ಟೆ ತುರುಕಿದ. “ಗಣಪತಿಯ ವಾಹನ ಕಣೇ. ಅದರ ಹೊಟ್ಟೆ ಎಷ್ಟು, ಅದು ತಿನ್ನುವುದು ಎಷ್ಟು!” ಎಂದ.

ಇಲಿ ಆ ಬಟ್ಟೆಯನ್ನೇ ಹರಿದು ಗೂಡು ಮಾಡಿ ಮರಿ ಹಾಕಿತು. ನೋಡು ಮರುಳಯ್ಯ, ದಾರಿ ಮುಚ್ಚಲೆಂದು ಇಟ್ಟದ್ದೇ ಅದಕ್ಕೆ ಹಾಸಿಗೆಯಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಕೋಣೆಯ ತುಂಬ ಇಲಿ. ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಓಡಾಟ ಶುರುವಾಗುತ್ತಿತ್ತು. ಮನೆಯೊಳಗೆ ತಮ್ಮದಲ್ಲದ ಇನ್ನೊಂದು ಸಂಸಾರ ಸೇರಿಕೊಂಡಿದೆ ಎಂದು ಹೆಂಡತಿಗೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವ ದಿನ ಹತ್ತಿರವಾಯಿತು. ಬಾಣಂತಿಗೆ ಬೆಚ್ಚನೆಯ ಕೋಣೆ ಎಂದರೆ ಆ ಮನೆಯಲ್ಲಿ ಅದೊಂದೇ. ವರ್ತಕನಿಗೆ ಈಗ ಅವಸರ ಹುಟ್ಟಿತು. ಚೀಲಗಳನ್ನು ಅಂಗಡಿಗೆ ಸಾಗಿಸಿದ. ಹಿಟ್ಟಿನ ಉಂಡೆಗಳಲ್ಲಿ ಪಾಷಾಣ ಬೆರೆಸಿ ಕೋಣೆಯಲ್ಲಿಟ್ಟು ಬೀಗ ಹಾಕಿದ.

ಸದ್ದು ಕಡಿಮೆಯಾಯಿತು. ಆಮೇಲೆ ಪೂರ್ತಿ ನಿಂತಿತು. ಹೆಂಡತಿ ಗೋಡೆಗೆ ಕಿವಿಯಿಟ್ಟು ಕೂತಳು. ಸದ್ದಿದ್ದಾಗ ಅವಳಿಗೆ ಹೇಸಿಗೆಯಾಗುತ್ತಿತ್ತು. ಸದ್ದಿಲ್ಲದಾಗ ಭಯವಾಯಿತು. ಬಾಗಿಲ ಸಂದಿಯಿಂದ ನಾತ ಬರತೊಡಗಿತು.

ವರ್ತಕ ಪೊರಕೆ ಎತ್ತಿಕೊಂಡ. ಅವಳು ಅಡ್ಡ ನಿಂತಳು. “ತಡೆಯಿರಿ. ಮೊದಲು ಬಾಗಿಲು ಕಿಟಕಿ ತೆಗೆದಿಟ್ಟು ಹೊರಗೆ ಬಂದುಬಿಡಿ, ಗಾಳಿ ಆಡಲಿ. ಆಮೇಲೆ ಸುಣ್ಣದ ನೀರು ಹೊಯ್ದು ಚೆನ್ನಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯೋಣ. ಒಣಗಿದ ಇಲಿಹಿಕ್ಕೆಗೆ ಪೊರಕೆ ತಾಗಿಸಬೇಡ, ಧೂಳಿನಲ್ಲಿ ಮಾರಿ ಏಳುತ್ತಾಳೆ ಎಂದು ನಮ್ಮವ್ವ ಹೇಳುತ್ತಿದ್ದಳು.”

“ಬಾಗಿಲು ತೆಗೆದರೆ ನಾತ ಬೀದಿಗೆ ಹೋಗುತ್ತದೆ. ಜೋಳ ಕೊಳ್ಳುವವರು ಮೂಗು ಮುಚ್ಚಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಊರ ಬಾಯಿಗೆ ಬೀಳಬೇಕೇನು? ಸತ್ತ ಇಲಿ ಕಚ್ಚುತ್ತದೇನೇ, ಹುಚ್ಚಿ!” ಎಂದ ವರ್ತಕ. ಒಳಗೆ ಹೋಗಿ ಅಗುಳಿ ಹಾಕಿಕೊಂಡ.

ಅವಳು ಹೊರಗೆ ನಿಂತು ಕೇಳಿದಳು. ಸರ್, ಸರ್, ಸರ್. ಪೊರಕೆಯ ಸದ್ದು. ಬಾಗಿಲ ಸಂದಿಯಿಂದ ಧೂಳು ಬಂದಾಗ ಮೂಗಿಗೆ ಸೆರಗು ಹಿಡಿದು ದೂರ ಸರಿದಳು. ಬಹಳ ಹೊತ್ತಿನ ಮೇಲೆ ಗಂಡ ಹೊರಗೆ ಬಂದ. ಹುಬ್ಬು, ಮೀಸೆ ಎಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು. “ನೋಡು ಹೋಗು, ಕೋಣೆ ಕನ್ನಡಿಯಾಗಿದೆ” ಎಂದು ನಕ್ಕ. ನಕ್ಕವನು ಕೆಮ್ಮಿದ.

ಅಮಾವಾಸ್ಯೆ ಕಳೆದು ಹುಣ್ಣಿಮೆ ಹತ್ತಿರವಾಗುವಾಗ ಅವನಿಗೆ ಜ್ವರ ಬಂತು. ಪಂಡಿತರು ಕಷಾಯ ಕೊಟ್ಟರು. ಜ್ವರ ಇಳಿಯಲಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಒಲೆಯ ಮುಂದೆ ಕೂತಿದ್ದಳು. ಸರ್, ಸರ್, ಸರ್. ಯಾರೋ ಕೋಣೆ ಗುಡಿಸುತ್ತಿದ್ದರು. ಪೊರಕೆ ಅವಳ ಕಣ್ಣೆದುರಿಗೇ ಮೂಲೆಯಲ್ಲಿತ್ತು. ಎದ್ದು ಹೋಗಿ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಯಾರೂ ಇರಲಿಲ್ಲ. ಸದ್ದು ನಿಲ್ಲಲಿಲ್ಲ. ಅದು ಬೆನ್ನ ಹಿಂದಿನಿಂದ ಬರುತ್ತಿತ್ತು. ತಿರುಗಿ ನೋಡಿದಳು. ಗಂಡ ಮಲಗಿದ್ದ. ಅವನ ಉಸಿರು ಗುಡಿಸುತ್ತಿತ್ತು.

ಅದೇ ಹೊತ್ತಿಗೆ ಅಂಗಡಿಯ ಮುಂದೆ ಗಾಡಿ ನಿಂತಿತು. ಮಗಳು “ಅವ್ವಾ” ಎಂದು ಕೂಗಿ ಕಾಲು ಕೆಳಗಿಟ್ಟಳು. ತಾಯಿ ಓಡಿಬಂದು ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಒಳಗೆ ಬರಬೇಡ ನನ್ನವ್ವಾ. ನಿನ್ನ ಸೋದರಮಾವನ ಮನೆಗೆ ಹೋಗು. ನಿನ್ನ ಕಾಲಿಗೆ ಬೀಳುತ್ತೇನೆ, ಹೋಗು.”

“ಅಪ್ಪ ಎಲ್ಲಿ?” ಎಂದಳು ಮಗಳು.

ವರ್ತಕನಿಗೆ ಮಗಳ ದನಿ ಕೇಳಿಸಿತು. ಕರೆಯಲು ಬಾಯಿ ತೆರೆದ. ಸರ್ ಎಂದಿತು, ಅಷ್ಟೇ. ಮಗಳನ್ನು ಮತ್ತೆ ಹತ್ತಿಸಿಕೊಂಡ ಗಾಡಿ ಬೀದಿಯ ತಿರುವು ದಾಟುವ ಮೊದಲೇ ಆ ಸದ್ದು ನಿಂತಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಪಾಪ, ಆ ತಾಯಿಗೆ ಬುದ್ಧಿ ಮೊದಲೇ ಇತ್ತು, ಅವಳ ಮಾತು ಕೇಳುವ ಕಿವಿ ಆ ಮನೆಯಲ್ಲಿ ಇರಲಿಲ್ಲ. ಗಂಡನ ಕರ್ಮ ಮುಗಿದ ಮೇಲೆ ಅವಳು ಬೀದಿಯವರೆಲ್ಲ ನೋಡುವಂತೆ ಬಾಗಿಲು ಕಿಟಕಿ ತೆರೆದಿಟ್ಟು ಹೊರಗೆ ಕೂತಳು. ಗಾಳಿ ಆಡಿದ ಮೇಲೆ ಮೂಗಿಗೂ ಕೈಗಳಿಗೂ ಬಟ್ಟೆ ಸುತ್ತಿಕೊಂಡಳು. ಸುಣ್ಣದ ನೀರು ಹೊಯ್ದು ನೆನೆಯಬಿಟ್ಟು, ಮೂಲೆ ಮೂಲೆ ಒರೆಸಿ, ಬಳಿದದ್ದನ್ನು ಬಾವಿಯಿಂದ ದೂರ ಆಳವಾಗಿ ಹೂಳಿಸಿ, ಬಟ್ಟೆ ಸುಟ್ಟು, ಕೈಕಾಲು ಉಜ್ಜಿ ತೊಳೆದಳು. ಕಿಂಡಿಗೆ ಗಾರೆ ಬಿತ್ತು. ಮೊಮ್ಮಗ ಆ ಕೋಣೆಯಲ್ಲೇ ಅಂಬೆಗಾಲಿಟ್ಟ. ಅಜ್ಜನ ಮುಖ ಮಾತ್ರ ಅವನು ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ. “ಇಲಿಗಳೆಲ್ಲ ಸತ್ತಿದ್ದವಲ್ಲ ಗುರುಗಳೇ! ಸತ್ತ ಮೇಲೂ ಕೊಂದವೇ?”

“ನಿನ್ನ ಸಿಟ್ಟೂ ಸತ್ತಿದೆ ಎಂದೆಯಲ್ಲ, ನಾಳೆ ಅಣ್ಣನ ಮನೆಗೆ ಪೊರಕೆ ಒಯ್ಯುತ್ತೀಯೋ, ನೀರು ಒಯ್ಯುತ್ತೀಯೋ?” ಎಂದರು ಗುರುಗಳು.