ಹೆಪ್ಪಿನ ಗೌರಿಯೂ ಶಿವಲೀಲೆಯ ಫೆಲೋಶಿಪ್ಪೂ

ಎಲ್ಲರೂ ಕೂತಿರಾ? ದೀಪದಲ್ಲಿ ಎಣ್ಣೆ ಇದೆಯೇ ನೋಡಿ, ಬಲಗೈಯಲ್ಲಿ ಒಂದಿಷ್ಟು ಅಕ್ಷತೆ ಹಿಡಿದುಕೊಳ್ಳಿ, ಮೊಬೈಲುಗಳನ್ನೆಲ್ಲ ತಂದು ಗೌರಮ್ಮನ ಬೆನ್ನ ಹಿಂದೆ ಇಡಿ. ಅಲ್ಲಿ ಅವು ಕ್ಷೇಮವಾಗಿರುತ್ತವೆ, ಹೆದರಬೇಡಿ. ಗಡಿಗೆಗೆ ತಟ್ಟೆ ಮುಚ್ಚಿದ್ದಾಗಿದೆ, ಇನ್ನು ಬೆಳಗಾಗುವವರೆಗೆ ಯಾರೂ ಅದನ್ನು ಮುಟ್ಟಕೂಡದು. ಹಾಲನ್ನು ಮೊಸರು ಮಾಡುವವಳೂ ಫಲಕ್ಕಾಗಿ ಕಾದವರ ಕೈ ಬಿಡದವಳೂ ಆದ ಹೆಪ್ಪಿನ ಗೌರಿಗೆ ನಮಸ್ಕರಿಸಿ ಕಥೆ ಹೇಳುತ್ತೇನೆ, ಮನಸ್ಸಿಟ್ಟು ಕೇಳುವಂಥವರಾಗಿ.

ಮಲಪ್ರಭಾ ನದಿಯ ದಡದಲ್ಲಿ ಹೊಳೆಆಲೂರು ಎಂಬ ಊರಿನಲ್ಲಿ ಈರಣ್ಣನೆಂಬ ಹಿಟ್ಟಿನ ಗಿರಣಿಯವನಿದ್ದನು. ಜೋಳ ಬೀಸಿ ಬೀಸಿ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಮನೆಗೆ ಬರುವ ಈತನಿಗೆ ಗುರವ್ವನೆಂಬ ತಾಯಿಯೂ ಶಿವಲೀಲೆಯೆಂಬ ಹೆಂಡತಿಯೂ ಇದ್ದರು. ಶಿವಲೀಲೆಯು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಶಾಸ್ತ್ರವನ್ನು ಓದಿ, ಎಂ.ಎಸ್ಸಿ. ಮುಗಿಸಿ, ಎರೆಹೊಲದ ಜೋಳದ ಬೇರಿಗೆ ಅಂಟಿಕೊಂಡು ಬದುಕುವ ಜೀವಿಗಳು ಮಳೆಯಿಲ್ಲದಾಗ ಆ ಬೇರನ್ನು ಹೇಗೆ ಸಾಕುತ್ತವೆ ಎಂಬುದನ್ನು ಕಂಡುಹಿಡಿಯಬೇಕೆಂದು ಆಸೆಪಟ್ಟು, ಪಿಎಚ್.ಡಿ. ಫೆಲೋಶಿಪ್ಪಿಗೆ ಅರ್ಜಿ ಹಾಕಿ, ಸಂದರ್ಶನವನ್ನೂ ಕೊಟ್ಟು ಬಂದಿದ್ದಳು. ಸಿಕ್ಕರೆ ಪ್ರಯೋಗಾಲಯದಲ್ಲಿ ಅವಳದೇ ಒಂದು ಮೇಜು. ಸಿಗದಿದ್ದರೆ ಮುಂದಿನ ವರ್ಷ ವಯಸ್ಸಿನ ಮಿತಿ ದಾಟುವುದರಿಂದ ಆ ಬಾಗಿಲು ಅವಳ ಪಾಲಿಗೆ ಮತ್ತೆ ತೆರೆಯುವುದಿಲ್ಲ. ಹೀಗಾಗಿ ಅವಳು ಜೀವ ಕೈಯಲ್ಲಿ ಹಿಡಿದು ಫಲಿತಾಂಶಕ್ಕೆ ಕಾಯುತ್ತಿದ್ದಳು.

ಅದೇ ಓಣಿಯ ಆ ತುದಿಯಲ್ಲಿ ಮಹಾನಂದಾ ಎಂಬ ಗೆಳತಿ ಇದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಡಬ್ಬಿಯಲ್ಲಿ ಉಂಡವರು, ಈಗ ಒಂದೇ ಫೆಲೋಶಿಪ್ಪಿಗೆ ಅರ್ಜಿ ಹಾಕಿದವರು. ಅವರ ವಿಷಯಕ್ಕೆ ಈ ವರ್ಷ ಇರುವುದು ಒಂದೇ ಸ್ಥಾನವೆಂದು ತಿಳಿದ ದಿನದಿಂದ ಶಿವಲೀಲೆಯು ಗೆಳತಿಯ ಮನೆಯ ಕಡೆ ಹೋಗುವುದನ್ನು ಬಿಟ್ಟು, ಕಿರಾಣಿ ಅಂಗಡಿಗೂ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗತೊಡಗಿದಳು. ಮಹಾನಂದಾ ಫೋನು ಮಾಡಿ, ಉತ್ತರ ಬಾರದೆ, ತಾನೂ ಮುನಿದು ಸುಮ್ಮನಾದಳು.

ಸೊಸೆ ಸೊರಗುವುದನ್ನು ಕಂಡ ಗುರವ್ವ ಮರುಗಿ, ಹೆಪ್ಪಿನ ಗೌರಿಯ ವ್ರತವನ್ನು ಹಿಡಿಯೆಂದು ಹೇಳಿದಳು. ಶುಕ್ರವಾರ ದೀಪ ಹಚ್ಚುವ ಮೊದಲು, ನಾವು ಯಾವುದಕ್ಕೆ ಕಾಯುತ್ತಿದ್ದೇವೋ ಅದಕ್ಕೇ ಕಾದ ಇನ್ನೊಬ್ಬರ ಮನೆಗೆ ಹೋಗಿ, ಹೆಪ್ಪು ಕೇಳಿ ತಂದು, ಗಡಿಗೆಯ ಬೆಚ್ಚಗಿನ ಹಾಲಿಗೆ ಹಾಕಿ, ತಟ್ಟೆ ಮುಚ್ಚಿ, ಬೆಳಗಿನವರೆಗೆ ತೆರೆಯದೆ ಇದ್ದು, ಆ ಮೊಸರನ್ನು ಬಂದವರಿಗೆ ಬಡಿಸಿ ತಾವೂ ಉಣ್ಣತಕ್ಕದ್ದು. ಇಷ್ಟೇ ವ್ರತ. ಆದರೆ ಓದಿದ ಸೊಸೆ ಇದನ್ನು ಕೇಳಿ ಫಕ್ಕನೆ ನಕ್ಕುಬಿಟ್ಟಳು.

“ಅತ್ತಿ, ಮೊಸರಾಗೋದು ಬ್ಯಾಕ್ಟೀರಿಯಾದಿಂದರಿ. ಅದರಾಗ ಗೌರಮ್ಮಂದೇನು ಕೆಲಸ?”

“ಯಾರರ ಮಾಡ್ಲಿ ಬಿಡವಾ. ನೀ ಹೆಪ್ಪು ಕೇಳಾಕ ಹೋಗಿ ಬಾ” ಎಂದಳು ಗುರವ್ವ.

ಹೆಪ್ಪು ಕೇಳಬೇಕೆಂದರೆ ಮಹಾನಂದಾಳ ಮನೆಗೇ ಹೋಗಬೇಕಿತ್ತು, ಅದಕ್ಕೇ ಆ ನಗು. ಶಿವಲೀಲೆಯು ಅತ್ತೆಯ ಬಾಯಿ ಮುಚ್ಚಿಸಲೆಂದು ಫ್ರಿಜ್ಜಿನ ಮೂಲೆಯಲ್ಲಿ ಹಳಸಿ ಕೂತಿದ್ದ ಮೊಸರನ್ನೇ ಕೆರೆದು ಹಾಲಿಗೆ ಹಾಕಿ, ವ್ರತ ಮಾಡಿದೆನೆಂದು ಹೇಳಿ, ಮೊಬೈಲು ಹಿಡಿದು ಗಡಿಗೆಯ ಪಕ್ಕದಲ್ಲೇ ಕೂತಳು. ವೆಬ್‌ಸೈಟು ತೆರೆದು ನೋಡುವುದು, ಏನೂ ಬಂದಿಲ್ಲವೆಂದು ನಿಟ್ಟುಸಿರು ಬಿಡುವುದು, ಕೈ ಸುಮ್ಮನಿರದೆ ತಟ್ಟೆ ಎತ್ತಿ ಗಡಿಗೆಯನ್ನು ಓರೆ ಮಾಡಿ ಹೆಪ್ಪಾಯಿತೇ ಎಂದು ಇಣುಕುವುದು, ಮತ್ತೆ ವೆಬ್‌ಸೈಟು. ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಯನ್ನು ಅಲ್ಲಾಡಿಸಬಾರದೆಂದು ಜೂನಿಯರುಗಳಿಗೆ ಗದರುತ್ತಿದ್ದವಳು ಮನೆಯ ಗಡಿಗೆಗೆ ಬಂದಾಗ ಆ ವಿದ್ಯೆಯನ್ನೆಲ್ಲ ಮರೆತುಬಿಟ್ಟಳು.

ಬೆಳಿಗ್ಗೆ ನೋಡಿದರೆ ಅತ್ತ ಹಾಲೂ ಅಲ್ಲ ಇತ್ತ ಮೊಸರೂ ಅಲ್ಲ, ನೂಲು ನೂಲಾದ ಒಂದು ನೀರು. ಮುಂದಿನ ಶುಕ್ರವಾರವೂ ಹಾಗೆಯೇ ಆಯಿತು. ಮೊಸರಿಲ್ಲದೆ ಮಜ್ಜಿಗೆ ಇಲ್ಲವಾಗಿ, ಬಿಸಿಲಲ್ಲಿ ಬೆಂದು ಬಂದ ಈರಣ್ಣ ಒಣ ರೊಟ್ಟಿಯನ್ನು ನೀರು ಕುಡಿದು ನುಂಗಿ ಎದ್ದುಹೋಗುವನು. ಏನಾದರೂ ಕೇಳಿದರೆ ಹೆಂಡತಿ ಸಿಡುಕುವಳು, ಆಮೇಲೆ ಸಿಡುಕಿದೆನಲ್ಲಾ ಎಂದು ಅಳುವಳು. ಮನೆಯಲ್ಲಿ ಗಿರಣಿಯ ಸದ್ದೊಂದನ್ನು ಬಿಟ್ಟು ಬೇರೆ ಮಾತೇ ಕೇಳದಂತಾಯಿತು.

ಹೀಗಿರಲಾಗಿ ಒಂದು ಶುಕ್ರವಾರ ಮುಂಜಾನೆ ಫಲಿತಾಂಶ ಬಂದಿತು. ಆಯ್ಕೆಯಾದವಳು ಮಹಾನಂದಾ. ಶಿವಲೀಲೆಯದು ಕಾಯುವ ಪಟ್ಟಿಯಲ್ಲಿ ಮೊದಲ ಸ್ಥಾನ, ಅಲ್ಲಿ ಹೆಸರೂ ಇಲ್ಲ, ಅರ್ಜಿಯ ನಂಬರು ಮಾತ್ರ. ಆಯ್ಕೆಯಾದವರು ಬೇಡವೆಂದು ಶನಿವಾರದೊಳಗೆ ಬರೆದು ತಿಳಿಸಿದರೆ ಮಾತ್ರ ಆ ಸ್ಥಾನ ಮುಂದಿನವರಿಗೆ, ಸುಮ್ಮನಿದ್ದರೆ ಅದು ಆ ವರ್ಷ ಖಾಲಿಯೇ ಉಳಿಯುವುದೆಂದು ಕೆಳಗೆ ನಿಯಮ ಬರೆದಿತ್ತು. ಕೈಗೆ ಬಂದದ್ದನ್ನು ಯಾರು ಬೇಡವೆನ್ನುತ್ತಾರೆ? ಶಿವಲೀಲೆಯು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಆ ಮಧ್ಯಾಹ್ನ ಇಳಕಲ್ಲ ಸೀರೆ ಉಟ್ಟು, ಹಣೆ ತುಂಬ ಕುಂಕುಮವಿಟ್ಟು, ಕೈತುಂಬ ಹಸಿರು ಬಳೆ ತೊಟ್ಟ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು, ನೀರಡಿಸಿದೆ, ಒಂದು ಲೋಟ ಮಜ್ಜಿಗೆ ಕೊಡು ಎಂದು ಕೇಳಿದಳು. ಅವಳು ಯಾರೆಂದು ನಿಮಗೆಲ್ಲ ಆಗಲೇ ಗೊತ್ತಾಗಿದೆ, ಶಿವಲೀಲೆಗೆ ಮಾತ್ರ ಗೊತ್ತಾಗಲಿಲ್ಲ. ಮಜ್ಜಿಗೆ ಇಲ್ಲವೆಂದು ಹೇಳುವಾಗ ಅವಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮುದುಕಿ ಒಳಗೆ ಬಂದು, ಗಡಿಗೆ ಇಣುಕಿ, ಗಲ್ಲಕ್ಕೆ ಕೈ ಇಟ್ಟುಕೊಂಡಳು.

“ಹೆಪ್ಪು ಎಲ್ಲಿಂದ ತಂದಿದ್ದಿ?”

“ಎಲ್ಲಿಂದಾನೂ ಇಲ್ಲಮ್ಮಾ, ನಮ್ಮ ಫ್ರಿಜ್ಜಿನಾಗಿಂದೇ.”

“ಹಾಲನ್ನೂ ಒಂದು ರಾತ್ರಿ ನಿಶ್ಚಿಂತಿಲೇ ಇರಗೊಡಲಿಲ್ಲ, ನೀನೂ ಇರಲಿಲ್ಲ. ಇವತ್ತೂ ಶುಕ್ರವಾರನ ಐತಿ, ಹೊತ್ತು ಇನ್ನೂ ಮುಳುಗಿಲ್ಲ. ಹೋಗು.”

ಎಲ್ಲ ಮುಗಿದ ಮೇಲೆ ಇನ್ನು ಯಾವ ವ್ರತ, ಗೆದ್ದವಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದು ಶಿವಲೀಲೆ ಬಿಕ್ಕಿದಾಗ, ಮುದುಕಿ ಅವಳ ತಲೆ ಸವರಿ, “ಆಕೀನೂ ನಿನ್ನಂಗ ಕಾದಾಕೀನ ಅಲ್ಲೇನು? ಒಬ್ಬಾಕೀನ ಕಾದಾಳು” ಎಂದಳು. ಆ ಮಾತು ಶಿವಲೀಲೆಯ ಎದೆಗೆ ನಾಟಿತು. ಫೆಲೋಶಿಪ್ಪು ಹೋದ ದುಃಖಕ್ಕಿಂತ ಮಹಾನಂದಾ ಇಲ್ಲದ ದುಃಖವೇ ತನ್ನನ್ನು ಹೆಚ್ಚು ತಿಂದಿದೆಯೆಂದು ಅವಳಿಗೆ ಆಗ ತಿಳಿಯಿತು. ಮುಖ ತೊಳೆದು ಬರುವಷ್ಟರಲ್ಲಿ ಮುದುಕಿ ಹೊರಟುಹೋಗಿದ್ದಳು.

ದೀಪ ಹಚ್ಚಿದ ಮೇಲೆ ಯಾವ ಮನೆಯಲ್ಲೂ ಹೆಪ್ಪು ಕೊಡುವುದಿಲ್ಲ. ಅತ್ತು ಅತ್ತು, ಹೋಗಲೋ ಬೇಡವೋ ಎಂದು ಅಂಗಳದಲ್ಲಿ ತಿರುಗಿ ತಿರುಗಿ ಸಂಜೆಯಾಗಿಬಿಟ್ಟಿತ್ತು. ಕೊನೆಗೆ ಅವಳು ಸೆರಗು ಸಿಕ್ಕಿಸಿ, ಬಟ್ಟಲು ಹಿಡಿದು, ಯಾರು ನೋಡಿದರೂ ನೋಡಲೆಂದು ನಡುಓಣಿಯಲ್ಲೇ ಓಡಿದಳು. ಮಹಾನಂದಾಳ ತಾಯಿ ಕಡ್ಡಿ ಗೀರುವಷ್ಟರಲ್ಲಿ ಹೊಸ್ತಿಲಿಗೆ ಬಂದು ನಿಂತಳು.

“ನಿನಗ ಸಿಕ್ಕದ್ದು ಭಾಳ ಛಲೋ ಆತು, ಮಹಾನಂದಾ. ನಾ ಹೊಟ್ಟಿಕಿಚ್ಚು ಪಟ್ಟೆ. ಒಂದೀಟು ಹೆಪ್ಪು ಕೊಡ್ತಿಯೇನು?”

ಮಹಾನಂದಾ ಒಳಗೆ ಓಡಿಹೋಗಿ, ಹೆಪ್ಪಿಗೆ ಒಂದು ಚಮಚ ಸಾಕಾಗಿದ್ದರೂ ಬಟ್ಟಲು ತುಂಬಿ ಹೊರಚೆಲ್ಲುವಷ್ಟು ಮೊಸರು ತಂದು ಕೊಟ್ಟು, ಗೆಳತಿಯ ಕೊರಳಿಗೆ ಬಿದ್ದು ಅತ್ತಳು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಮಾತಿಗೆ ಮಾತು ಕೂಡಿಸಿದಾಗ ತಿಳಿದದ್ದೇನೆಂದರೆ, ಮಹಾನಂದಾಳಿಗೆ ಹೈದರಾಬಾದಿನಲ್ಲೂ ಫೆಲೋಶಿಪ್ಪು ಸಿಕ್ಕಿ, ಅವಳು ಅಲ್ಲಿಗೆ ಒಪ್ಪಿಗೆ ಕೊಟ್ಟು ವಾರವೇ ಆಗಿತ್ತು. ಇಲ್ಲಿಯದಕ್ಕೆ ಬೇಡವೆಂದು ಬರೆಯುವುದು ಯಾಕೆ, ತಾನಾಗಿ ಹೋಗುತ್ತದೆಂದು ಬಿಟ್ಟಿದ್ದಳು. ಮುನಿಸಿನಲ್ಲಿ ನಿಯಮವನ್ನೂ ಓದಿರಲಿಲ್ಲ.

“ಆ ಮೊದಲ್ನೇ ನಂಬರು ನಿಂದೇನ? ಮೊದಲ ಹೇಳಬಾರದಾಗಿತ್ತ, ಹುಚ್ಚಿ!” ಎಂದು ಗೆಳತಿಯ ಬೆನ್ನಿಗೊಂದು ಗುದ್ದಿ, ಮಹಾನಂದಾ ಅಲ್ಲೇ, ಆ ಕಟ್ಟೆಯ ಮೇಲೇ, ಮೊಬೈಲಿನಲ್ಲಿ ತನಗೆ ಬೇಡವೆಂದು ಬರೆದು ಕಳಿಸಿದಳು.

ಶಿವಲೀಲೆಯು ಮನೆಗೆ ಬಂದು, ಹಾಲು ಕಾಯಿಸಿ ಆರಿಸಿ, ಗೆಳತಿಯ ಮನೆಯ ಹೆಪ್ಪು ಹಾಕಿ, ತಟ್ಟೆ ಮುಚ್ಚಿ, ಮೊಬೈಲನ್ನು ಗೌರಮ್ಮನ ಹಿಂದೆ ಇಟ್ಟು, ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡು ಮಲಗಿ ನಿದ್ದೆ ಮಾಡಿದಳು. ಬೆಳಿಗ್ಗೆ ತಟ್ಟೆ ಎತ್ತಿದರೆ, ಗಡಿಗೆ ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು! ಮಹಾನಂದಾಳನ್ನು ಕರೆದು ಕೂರಿಸಿ, ಶಿವಲೀಲೆಯು ಮೊಸರನ್ನ ಕಲಸುತ್ತಿರುವಾಗ ಗೌರಮ್ಮನ ಬೆನ್ನ ಹಿಂದೆ ಫೋನು ರಿಂಗಾಯಿತು. ಶಿವಲೀಲೆಯ ಕೈ ಮೊಣಕೈವರೆಗೂ ಮೊಸರು. ಆದಕಾರಣ ಗುರವ್ವನೇ ಫೋನು ಎತ್ತಿ, “ಹಲೋ, ನಾ ಆಕಿ ಅತ್ತಿ, ಏನಿದ್ರೂ ನನಗ ಹೇಳ್ರಿ” ಎಂದಳು. ಆ ಕಡೆಯವರು ಹೇಳಿದರು. ಗುರವ್ವ ಫೋನನ್ನು ಹಿಡಿದುಕೊಂಡೇ ಓಣಿಗೆ ಓಡಿ, “ನನ್ನ ಸೊಸಿಗೆ ಸಿಕ್ತು! ಬ್ಯಾಕ್ಟೀರಿಯಾ ಓದಾಕ ಸಿಕ್ತು!” ಎಂದು ಕೂಗಿದ ಕೂಗಿಗೆ ಈರಣ್ಣ ಗಿರಣಿ ಬಂದ್ ಮಾಡಿ ಹಿಟ್ಟಿನ ಮುಖದಲ್ಲೇ ಓಡಿಬಂದನು. ಕಣ್ಣೀರು ಹರಿದಲ್ಲೆಲ್ಲ ಆ ಮುಖದ ಮೇಲೆ ಗೆರೆ ಮೂಡಿತು.

ಅಂದು ಆ ಗಡಿಗೆಯ ಮೊಸರು ಓಣಿಯವರೆಲ್ಲ ಉಂಡರೂ ಮಿಕ್ಕಿತು. ಮಿಕ್ಕಿದ್ದನ್ನು ಕಡೆದು, ಮುದುಕಿ ಬಂದರೆ ಇರಲೆಂದು ಕಟ್ಟೆಯ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟಿದ್ದರು. ಯಾರು ಬಂದದ್ದನ್ನೂ ಯಾರೂ ನೋಡಲಿಲ್ಲ, ಸಂಜೆಗೆ ಲೋಟ ಖಾಲಿಯಾಗಿತ್ತು, ಅಂಚಿನಲ್ಲಿ ಸ್ವಲ್ಪ ಕುಂಕುಮ ಹತ್ತಿತ್ತು.

ಮುಂದೆ ಒಬ್ಬಳು ಹೈದರಾಬಾದಿನಲ್ಲೂ ಒಬ್ಬಳು ತನ್ನ ಎರೆಹೊಲದಲ್ಲೂ ದುಡಿದು, ಇಬ್ಬರೂ ಡಾಕ್ಟರೇಟು ಪಡೆದು, ಕೀರ್ತಿವಂತರಾಗಿ ಬಾಳಿದರು. ಹೊಳೆಆಲೂರಿನಲ್ಲಿ ಇಂದಿಗೂ ಪರೀಕ್ಷೆ ಬರೆದು ಅರ್ಜಿ ಹಾಕಿ ಕಾಯುವ ಮಕ್ಕಳು ಶುಕ್ರವಾರ ಒಬ್ಬರ ಮನೆಗೊಬ್ಬರು ಬಟ್ಟಲು ಹಿಡಿದು ಹೋಗುತ್ತಾರೆ.

ಈ ಕಥೆಯನ್ನು ಓದಿದವರಿಗೂ, ಕೂತು ಕೇಳಿದವರಿಗೂ, ಇನ್ನೊಬ್ಬರಿಗೆ ಹೇಳಿದವರಿಗೂ ಶಿವಲೀಲೆಗೆ ದೊರೆತ ಫಲವೇ ದೊರೆಯಲಿ, ಮಹಾನಂದಾಳಂಥ ಗೆಳತಿಯೂ ದೊರೆಯಲಿ. ಕಥೆಯ ನಡುವೆ ಗೌರಮ್ಮನ ಹಿಂದಕ್ಕೆ ಕಣ್ಣು ಹಾಯಿಸಿದವರನ್ನು ನಾನು ನೋಡಿದ್ದೇನೆ, ಅವರಿಗೂ ದೊರೆಯಲಿ, ತಾಯಿ ದೊಡ್ಡವಳು. ಈಗ ಅಕ್ಷತೆ ಹಾಕಿ ನಮಸ್ಕಾರ ಮಾಡಿ, ಹೋಗಿ ಮಲಗಿ. ಗಡಿಗೆಯನ್ನು ಅವಳು ನೋಡಿಕೊಳ್ಳುತ್ತಾಳೆ.